ತೋಟದ ಮನೆಗೆ ಯಾವ ಕತ್ತಿ

ಅಣ್ಣ: ತೋಟದ ಮನೆಗೆ ಒಂದು ದೊಡ್ಡ ಕತ್ತಿ ತಗೊಳ್ಳೋಣ, ಹೋದ್ಸಲ ಲಂಟಾನ ಸವರೋಕೆ ಹೋಗಿ ಅಡುಗೆಮನೆ ಚಾಕು ಹಾಳಾಯ್ತು. ಆನ್‌ಲೈನಲ್ಲಿ ಒಂದು ನೋಡಿದೀನಿ, 10 ಇಂಚು ಅಲಗು, ಬೆನ್ನಿಗೆ ಗರಗಸದ ಹಲ್ಲು, ಕವರ್ ಸಮೇತ 2,800. ಆರು ಜನ ಹಂಚ್ಕೊಂಡ್ರೆ ತಲೆಗೆ ಐನೂರೂ ಆಗಲ್ಲ. ಆರ್ಡರ್ ಹಾಕ್ಲಾ?

ಚಿಕ್ಕಪ್ಪ: ಬೇಡ ಮಾರಾಯ. ಕಮ್ಮಾರನ ಹತ್ರ ಹಳೇ ಲಾರಿ ಸ್ಪ್ರಿಂಗ್ ಪಟ್ಟಿದು ಮಾಡ್ಸಿದ್ರೆ 1,200ಕ್ಕೆ ಮುಗೀತದೆ

ಅಣ್ಣ: ಚಿಕ್ಕಪ್ಪ ಅದು ತುಕ್ಕು ಹಿಡಿಯುತ್ತೆ, ಇದು ಸ್ಟೇನ್‌ಲೆಸ್

ಚಿಕ್ಕಪ್ಪ: ತುಕ್ಕಿಗೆ ಕೊಬ್ಬರಿ ಎಣ್ಣೆ ಇದೆಯಲ್ಲ. ಮಳೆಗಾಲದಲ್ಲಿ ಕೆಲಸ ಮುಗಿದ ಮೇಲೆ ಒರೆಸಿ ಎಣ್ಣೆ ಸವರಿ ಅಟ್ಟದ ಕೆಳಗೆ ಸಿಗಿಸಿಟ್ರೆ ಏನೂ ಆಗಲ್ಲ, ಅಪ್ಪನ ಕತ್ತಿ ಇಪ್ಪತ್ತು ವರ್ಷ ಹಂಗೇ ಬಂತು, ಅದು ಕಳೆದುಹೋಯ್ತೇ ಹೊರತು ಹಾಳಾಗ್ಲಿಲ್ಲ

ನಾನು: ಅಣ್ಣಾ ಎರಡು ವರ್ಷದ ಹಿಂದೆ ನಾನೂ ಇಂಥದ್ದೇ ಒಂದು ತರಿಸಿದ್ದೆ, ನೆನಪಿದ್ಯಾ? ಮೂರನೇ ದಿನ ಬಿದಿರಿಗೆ ಏಟು ಹಾಕಿದಾಗ ಹಿಡಿ ಹತ್ರ ಪಟ್ ಅಂತ ಮುರೀತು. ಒಳಗೆ ನೋಡಿದ್ರೆ ಹಿಡಿಯೊಳಕ್ಕೆ ಹೋಗಿದ್ದ ಕಬ್ಬಿಣ ಬೆರಳಷ್ಟೂ ದಪ್ಪ ಇಲ್ಲ. ಅಲಗು ಎಷ್ಟು ಅಗಲ ಇದ್ರೂ ಒಂದೇ ಪಟ್ಟಿ ಹಿಡಿ ತುದಿ ತನಕ ಬಂದಿರ್ಬೇಕು, ಫೋಟೋದಲ್ಲಿ ಅದು ಕಾಣೋದೇ ಇಲ್ಲ. ಇನ್ನು ಆ ಗರಗಸದ ಹಲ್ಲಲ್ಲಿ ಒಂದು ಕೊಂಬೆನೂ ಕುಯ್ಯೋಕಾಗಲ್ಲ, ಬೆನ್ನಿಗೆ ಕೊಡತಿಲಿ ಹೊಡೆದು ಸೌದೆ ಸೀಳೋಣ ಅಂದ್ರೂ ಅದೇ ಅಡ್ಡ

ಭಾವ: ಲಾರಿ ಪಟ್ಟಿ ಅಂದ್ರೆ ಗುಜರಿ ಅಲ್ವಾ?

ನಾನು: ಗುಜರಿ ಆದ್ರೂ ಒಳ್ಳೇ ಉಕ್ಕು ಭಾವ. ಸ್ಪ್ರಿಂಗ್ ಸ್ಟೀಲಲ್ಲಿ ಕಾರ್ಬನ್ ಸುಮಾರು 0.5ರಿಂದ 0.6 ಪರ್ಸೆಂಟ್ ಇರುತ್ತೆ, ಗಟ್ಟಿನೂ ಆಗುತ್ತೆ, ಏಟಿಗೆ ಮುರಿಯೋದೂ ಇಲ್ಲ, ಲಾರಿ ಭಾರ ಹೊತ್ತು ಬಗ್ಗಿ ಎದ್ದಿರೋದಲ್ವಾ ಅದು

ಚಿಕ್ಕಪ್ಪ: ಆದ್ರೆ ಎಲ್ಲಾ ಇರೋದು ಹದದಲ್ಲಿ. ಬಾಯಿ ಕಡೆ ಮಾತ್ರ ಕೆಂಪಗೆ ಕಾಯಿಸಿ ನೀರು ಕುಡಿಸಿ ಗಟ್ಟಿ ಮಾಡ್ತಾರೆ, ಬೆನ್ನು ಮೆತ್ತಗೇ ಇರ್ಬೇಕು. ಹದ ಜಾಸ್ತಿಯಾದ್ರೆ ಮರದ ಗಂಟಿಗೆ ತಾಗಿದ ತಕ್ಷಣ ಬಾಯಿಂದ ಚೂರು ಹಾರ್ತದೆ, ಕಮ್ಮಿಯಾದ್ರೆ ಬಾಯಿ ಮಡಚ್ಕೊಳ್ತದೆ. ನಾನು ಅರ ಹಾಕಿ ನೋಡೇ ತರೋದು, ಬಾಯಿ ಮೇಲೆ ಅರ ಜಾರ್ಬೇಕು, ಬೆನ್ನು ಮೇಲೆ ಕಚ್ಬೇಕು

ಅಣ್ಣ: ಸರಿ, ಆದ್ರೆ ಕಮ್ಮಾರ ಮಾಡಿದ್ದು ಒಂದಿದ್ದಂಗೆ ಇನ್ನೊಂದು ಇರಲ್ಲ. ಹಿಡಿನೂ ಅಲ್ಲಾಡೋಕೆ ಶುರುವಾಗುತ್ತೆ

ಚಿಕ್ಕಪ್ಪ: ಅದು ನಿಜ. ಅಲ್ಲಾಡಿದ್ರೆ ವಾಪಸ್ ಕುಲುಮೆಗೆ ಒಯ್ದು ಕೊಟ್ರೆ ಸಂಜೆಗೆ ಬಿಗಿ ಮಾಡಿ ಕೊಡ್ತಾರೆ. ನಿನ್ನ ಬಾಕ್ಸಿನ ಕತ್ತಿ ಯಾರಿಗೆ ಕೊಡ್ತೀಯ?

ಅಕ್ಕ: ಇನ್ನೊಂದು ವಿಷ್ಯ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ರೆ ಆಯುಧದ ಲೆಕ್ಕಕ್ಕೆ ಬರುತ್ತೆ, ಮನೆಗೆ, ಕೃಷಿಗೆ ಅಂತಲೇ ಮಾಡಿದ್ದಕ್ಕೆ ಬಿಟ್ಟಿದಾರೆ. ತೋಟದ ಕತ್ತಿ ನೋಡಿದ್ರೇ ಗೊತ್ತಾಗುತ್ತೆ. ಕಠಾರಿ ಥರದ್ದನ್ನ ಕಾರಲ್ಲಿಟ್ಕೊಂಡು ಬೆಂಗಳೂರಿಂದ ಬರೋದು ನಂಗೆ ಬೇಡ, ಮಕ್ಕಳೂ ಜೊತೆಗಿರ್ತಾರೆ

ಅಣ್ಣ: ಇದು ನಂಗೆ ಗೊತ್ತಿರ್ಲಿಲ್ಲ

ಚಿಕ್ಕಮ್ಮ: ತೂಕದ್ದು ಮಾಡಿಸ್ಬೇಡಿ ಅಂತ ನನ್ನದೊಂದು ಮಾತು, ಅದನ್ನ ದಿನಾ ಹಿಡಿಯೋಳು ನಾನು. ಅರ್ಧ ಕೇಜಿ ಮೇಲೆ ಹೋದ್ರೆ ಮಣಿಕಟ್ಟು ನೋಯ್ತದೆ. ತುದಿ ಕೊಕ್ಕಿನ ಹಾಗೆ ಬಾಗಿರ್ಲಿ, ಮುಳ್ಳು ಎಳ್ಕೊಳ್ಳೋಕೆ ಬೇಕು

ಅಣ್ಣ: ಆಯ್ತು ಚಿಕ್ಕಮ್ಮ, ನಿಮ್ಮ ಕೈಗೆ ಸರಿಹೋಗೋದೇ ಆಗ್ಲಿ. ತಲೆಗೆ 200, ನಾನು ಈಗ್ಲೇ ಚಿಕ್ಕಪ್ಪಂಗೆ ಹಾಕ್ತೀನಿ, ನೀವೆಲ್ಲ ಸಂಜೆಯೊಳಗೆ ಹಾಕಿ

ಚಿಕ್ಕಪ್ಪ: ಸಂತೆ ದಿನ ಹೋಗ್ತೀನಿ. ಚಿಕ್ಕಮ್ಮನ್ನೂ ಕರ್ಕೊಂಡು ಹೋಗಿ ಹಿಡಿ ಅಳತೆ ಅವಳ ಕೈದೇ ಕೊಡ್ತೀನಿ