ಗೆದ್ರೂ ಸೋತಾಂಗ ಅಂದ್ರ ಏನ್ರಿ? ಅಮೆರಿಕದ ಕಾಲೇಜ್ ಫುಟ್‌ಬಾಲ್ ಗೊತ್ತಿದ್ದವ್ರು ಜರಾ ಹೇಳ್ರಿ

ಗಂಜ್ ಹುಡುಗ, ಕಲಬುರಗಿ:
ನಮ್ಮ ಕಾಕಾನ ಮಗ ಒಹಾಯೋದಾಗ ಎಂ.ಎಸ್. ಮಾಡ್ಲಾಕತ್ಯಾನ. ಅಲ್ಲಿ ಹೋದ ಮ್ಯಾಲ ಕ್ರಿಕೆಟ್ ಮರ್ತು ಈ ತತ್ತಿ ಆಕಾರದ ಚೆಂಡಿನ ಹುಚ್ಚು ಹಿಡದದ, ಅಲ್ಲಿ ಶನಿವಾರ ರಾತ್ರಿ ಏಳೂವರಿಗಿ ಮ್ಯಾಚ್ ಶುರುವಾದ್ರ ಇಲ್ಲಿ ಐತವಾರ ಮುಂಜಾನಿ ಐದು, ವಿಡಿಯೋ ಕಾಲ್ ಹಚ್ಚಿ ನನ್ನೂ ಎಬ್ಬಸ್ತಾನ, ಅವ್ವನ ಕಡಿಂದ ಬೈಸ್ಕೊಳ್ಳೋದು ನಾನು. ಹೋದ ಸಲ ಅವನ ಟೀಮ್ ಗೆದ್ತು, ಇಂವ ಕುಣ್ಯಾಕತ್ಯಾನ, ಬಾಜೂಕ್ ಅವನ ರೂಮ್‌ಮೇಟ್ ತಲಿ ಮ್ಯಾಲ ಕೈ ಹೊತ್ಗೊಂಡು ಕುಂತಾನ. ಇಬ್ರದೂ ಒಂದೇ ಟೀಮು! ಕೇಳಿದ್ರ "ಗೆದ್ವಿ ಖರೆ, ಸ್ಪ್ರೆಡ್ ಕವರ್ ಆಗ್ಲಿಲ್ಲ" ಅಂದ. ಇದೇನು ಲೆಕ್ಕ? ಇನ್ನೊಂದು, ಮ್ಯಾಚ್ ಮುಗಿಲಾಕ ಬಂದಾಗ ರೆಫರಿ ಹಳದಿ ಅರಿವಿ ಒಗದ, ಎಲ್ಲಾ ತಿರುಗಾಮುರುಗಾ ಆಯ್ತು. ಸಾಲಾಗಿ ಗೆಲ್ಲೋ ದೊಡ್ಡ ಟೀಮಿನ ದಾಖಲೆ ಮುರೀಬಾರ್ದು ಅಂತ ಬೇಕಂತಲೇ ಹಿಂಗ ಮಾಡ್ತಾರೇನು?

ಬಿದ್ರಿ ಬೀದರ್:
ಸ್ಪ್ರೆಡ್ ಅಂದ್ರ ರೊಕ್ಕ ಹಚ್ಚೋರಿಗಿ ಮೊದ್ಲೇ ಹಾಕಿದ ಅಂತರ, ಅದನ್ನ ದಾಟಿ ಗೆದ್ರ ಕವರ್ ಆದಂಗ. ಪ್ರೊ ಕಬಡ್ಡಿದಾಗ ಮೊದಲ್ 7 ಇಲ್ಲಾ ಅದಕ್ಕೂ ಕಡಿಮಿ ಪಾಯಿಂಟಿಲೆ ಸೋತ್ರ ಸೋತವ್ರಿಗೂ ಟೇಬಲ್‌ನಾಗ 1 ಪಾಯಿಂಟ್ ಕೊಡ್ತಿದ್ರಲ್ಲ, ಸೋತವ್ರು ಕಡೀ ರೇಡ್‌ತನಕ ಜೀವ ಬಿಟ್ಟು ಆಡ್ತಿದ್ರು ನೋಡು, ಸುಮಾರು ಹಂಗೇ ತಿಳ್ಕೊ. ದೊಡ್ಡ ಟೀಮಿಗಿ ಮೈನಸ್ 7.5 ಅಂತ ಹಾಕಿದ್ರ ಅದರ ಮ್ಯಾಲ ರೊಕ್ಕ ಹಚ್ಚಿದವ್ಗ 8 ಪಾಯಿಂಟಿಲೆ ಗೆಲ್ಬೇಕು. 7 ಪಾಯಿಂಟಿಲೆ ಗೆದ್ರ ಟೀಮ್ ಕುಣೀತದ, ಅಂವ ಅಳ್ತಾನ. ಆ ಅರ್ಧ ಯಾಕಂದ್ರ ಸಮಾ ಆಗಿ ರೊಕ್ಕ ಹೊಳ್ಳಿ ಕೊಡೋ ಪಾಳಿ ಬರಬಾರ್ದಂತ. ಚೆಂಡು ಎದುರಿನವ್ರ ಗೆರಿ ದಾಟ್ಸೋ ಟಚ್‌ಡೌನ್‌ಗಿ 6, ಮ್ಯಾಲ ಕಿಕ್ 1, ಕಂಬದ ನಡುವ ಒದಿಯೋ ಫೀಲ್ಡ್ ಗೋಲಿಗಿ 3, ಹಿಂಗಾಗಿ 3 ಮತ್ತ 7ರ ಅಂತರದಾಗ ಭಾಳ ಮ್ಯಾಚ್ ಮುಗೀತಾವ, ಲೆಕ್ಕ ಹಾಕೋರ ಕಣ್ಣೂ ಅಲ್ಲೇ. ಮುಂದಿದ್ದ ಟೀಮು ಕಡೀಗಿ ಚೆಂಡು ಹಿಡ್ದು ಮೊಣಕಾಲೂರಿ ಟೈಮ್ ಕಳೀತದ, ಅವ್ರಿಗಿ ಗೆಲುವು ಸಾಕು, ನಿನ್ನ ತಮ್ಮನ ದೋಸ್ತನ ಡಾಲರ್ ಚಿಂತಿ ಅವ್ರಿಗ್ಯಾಕ?

ಶಹಾಬಾದ್ ಪರಸಿ:
ದೊಡ್ಡವ್ರನ್ನ ಉಳಿಸ್ತಾರಂದಿ, ಉಲ್ಟಾನೂ ಆಗ್ಯಾದ ಕೇಳು. ನಿನ್ನ ತಮ್ಮ ಇದ್ದ ಒಹಾಯೋದ್ದೇ ಕತಿ. 2003 ಜನವರಿ 3, ಫಿಯೆಸ್ಟಾ ಬೌಲ್ ಅನ್ನೋ ದೊಡ್ಡ ಮ್ಯಾಚ್, ಒಹಾಯೋ ಸ್ಟೇಟ್ ಎದುರು ಮಯಾಮಿ, ಮಯಾಮಿ ಸಾಲಾಗಿ 34 ಗೆದ್ದು ಬಂದಿತ್ತು, 11 ಪಾಯಿಂಟಿಗಿಂತ ಹೆಚ್ಚಿಲೆ ಗೆಲ್ತದ ಅಂತ ಸ್ಪ್ರೆಡ್. 17-17 ಆಗಿ ಓವರ್‌ಟೈಮ್‌ಗಿ ಹೋಯ್ತು, ಮಯಾಮಿ 24-17 ಮಾಡ್ತು. ಒಹಾಯೋ ಸ್ಟೇಟ್‌ದು ನಾಕನೇ ಡೌನ್, ಅಂದ್ರ ಕಡೀ ಯತ್ನ, ಪಾಸ್ ಕೈಗಿ ಸಿಗ್ಲಿಲ್ಲ, ಪಟಾಕಿ ಹಾರಿದ್ವು, ಮಯಾಮಿ ಹುಡುಗ್ರು ಹೆಲ್ಮೆಟ್ ಒಗದು ಮೈದಾನಕ್ಕ ಓಡಿ ಬಂದ್ರು, ಆಮ್ಯಾಲ, ಆಮ್ಯಾಲ ನೋಡಪಾ, ಟೆರಿ ಪೋರ್ಟರ್ ಅನ್ನೋ ಅಂಪೈರ್ ತಡಾ ಮಾಡಿ ಫ್ಲ್ಯಾಗ್, ಅದೇ ಹಳದಿ ಅರಿವಿ, ಒಗದ, ಪಾಸ್ ಇಂಟರ್‌ಫಿಯರೆನ್ಸ್, ಅಂದ್ರ ಚೆಂಡು ಹಿಡಿಯಾಂವಗ ಅಡ್ಡಿ ಮಾಡಿದ ತಪ್ಪು. ಮತ್ತ ಅವಕಾಶ ಸಿಕ್ತು, ಒಹಾಯೋ ಸಮಾ ಮಾಡಿ ಎರಡನೇ ಓವರ್‌ಟೈಮ್‌ನಾಗ 31-24 ಗೆದ್ತು. 34ರ ಸಾಲು ಕಟ್! ಮಯಾಮಿದವ್ರು ಇವತ್ತಿಗೂ ಉರಕೋತಾರ.
ಫ್ಲ್ಯಾಗ್ ಇಲ್ದೇನೂ ಸಾಲು ಮುರೀತಾವ. ಒಕ್ಲಹೋಮಾ 1953ರಿಂದ 1957ರ ತನಕ 47 ಮ್ಯಾಚ್ ಸಾಲಾಗಿ ಗೆದ್ದಿತ್ತು, ಮ್ಯಾಲಿನ ದರ್ಜೆದಾಗ ಆ ದಾಖಲೆ ಇನ್ನೂ ಯಾರೂ ಮುಟ್ಟಿಲ್ಲ. 1957 ನವೆಂಬರ್ 16ಕ್ಕ ಅವರ ಮೈದಾನದಾಗೇ ನೋಟ್ರ್ ಡೇಮ್ 7-0 ಸೋಲಿಸ್ತು. ಸ್ಪ್ರೆಡ್ 18ರ ಆಸುಪಾಸು ಒಕ್ಲಹೋಮಾ ಕಡೀಗಿ ಇತ್ತು, ಅಂಥಾದ್ರಾಗ ಒಂದು ಪಾಯಿಂಟೂ ಹುಟ್ಲಿಲ್ಲ.

ಸುರಪುರ ಮಾವ:
ಪರಸಿ ಅಣ್ಣಾ, ಅದೇ ನವೆಂಬರ್ 16ಕ್ಕ 1940ರಾಗ ಆದದ್ದು ಹೇಳ್ಲಿಲ್ಲಲ್ಲ! ನನಗ ಈ ಆಟದಾಗ ಅದೊಂದೇ ಕತಿ ಮನಸಿಗಿ ಹತ್ತಿದ್ದು. ಕಾರ್ನೆಲ್ 18 ಮ್ಯಾಚ್ ಸೋಲೇ ಕಂಡಿರ್ಲಿಲ್ಲ, ಡಾರ್ಟ್‌ಮತ್ 3-0 ಮುಂದಿತ್ತು. ನಾಕು ಡೌನ್‌ದಾಗ ಆಗ್ಬೇಕಾದ್ದು, ರೆಫರಿ ರೆಡ್ ಫ್ರೀಸೆಲ್ ಎಣಿಕಿ ತಪ್ಪಿ ಐದನೇದು ಕೊಟ್ಟ, ಅದ್ರಾಗೇ ಕಾರ್ನೆಲ್ ಟಚ್‌ಡೌನ್ ಹೊಡ್ದು 7-3 ಗೆದ್ತು. ಆಮ್ಯಾಲ ಫಿಲ್ಮ್ ಹಾಕಿ ನೋಡಿದ್ರು, ರೆಫರಿ ತಪ್ಪು ಒಪ್ಕೊಂಡ, ಕಾರ್ನೆಲ್‌ದವ್ರು ಟೆಲಿಗ್ರಾಂ ಕೊಟ್ಟು ಗೆಲುವು ಬಿಟ್ಟುಕೊಟ್ರು. 3-0 ಡಾರ್ಟ್‌ಮತ್‌ದು ಅಂತ ಬರ್ಕೊಂಡ್ರು. 1990ರಾಗ ಕೊಲರಾಡೋಗೂ ಮಿಸೌರಿ ಮ್ಯಾಲ ಹಿಂಗೇ ಐದನೇ ಡೌನ್ ಸಿಕ್ತು, 33-31 ಗೆದ್ರು, ಅವ್ರು ಮಾತ್ರ ಬಿಟ್ಟುಕೊಡ್ಲಿಲ್ಲ.
ಈಗಂತೂ ರಿಪ್ಲೇ ಬಂದದ, ಕ್ಯಾಮೆರಾ ಎಷ್ಟು ಬೇಕಷ್ಟು, ಆದ್ರೂ 2015ರಾಗ ಮಯಾಮಿ-ಡ್ಯೂಕ್ ಮ್ಯಾಚಿನ ಕಡೀ ಕಿಕ್‌ನಾಗ ಮಯಾಮಿದವ್ರು ಎಂಟು ಸಲ ಚೆಂಡು ಹಿಂದಕ್ಕೊಗದು ಓಡಿ 30-27 ಗೆದ್ರು, ನಡುವ ಒಬ್ಬನ ಮೊಣಕಾಲು ನೆಲಕ್ಕ ಹತ್ತಿತ್ತು, ಆಟ ಅಲ್ಲಿಗೇ ಮುಗೀಬೇಕಿತ್ತು. ಅವರ ಲೀಗ್ ಎಸಿಸಿದವ್ರು ತಪ್ಪಾಗ್ಯಾದ ಅಂದು ಅಂಪೈರ್‌ಗಳನ್ನ ಎರಡು ಮ್ಯಾಚ್ ಮನ್ಯಾಗ ಕೂಡಿಸಿದ್ರು. ಸ್ಕೋರ್ ಹಂಗೇ ಉಳೀತು! ತಮ್ಮಾ, ಬೇಕಂತ ಮಾಡ್ತಾರ ಅನ್ಲಿಕ್ಕ ನನ್ನ ಮನಸ್ಸು ಒಪ್ಪಲ್ಲ, ಕಣ್ಣು ತಪ್ತದ. ತಪ್ಪು ಗೊತ್ತಾದ ಮ್ಯಾಲೂ ಹಂಗೇ ಇಟ್ಕೊಳ್ಳೋದೇ ನನಗ ಸಿಟ್ಟು ತರೋದು.

ಬಿದ್ರಿ ಬೀದರ್:
ಮಾವನ ಮಾತು ಬರಾಬರ್. ಹುಡುಗಾ, ಸ್ಪ್ರೆಡ್ ತಿಳ್ಕೊಂಡಿ ಅಂತ ಇಲ್ಲಿ ಆ್ಯಪ್‌ನಾಗ ರೊಕ್ಕ ಹಚ್ಗೀಚ್ಚಿ, 2025ರಾಗ ಕಾನೂನೇ ಬಂದದ, ಹುಷಾರ್.

ಗಂಜ್ ಹುಡುಗ, ಕಲಬುರಗಿ:
ಇಲ್ರಿ ಅಣ್ಣಾ, ನನ್ ಕಡಿ ಹಚ್ಚಲಾಕ ರೊಕ್ಕಾದ್ರೂ ಎಲ್ಲಿ ಅದ. ಕಾರ್ನೆಲ್ ಕತಿ ನಮ್ಮ ಕಬಡ್ಡಿ ಗ್ರೂಪಿಗಿ ಹಾಕೀನಿ. ಜಾತ್ರಿ ಟೂರ್ನಮೆಂಟ್ ಫೈನಲ್‌ನಾಗ ನಮ್ಮ ರೇಡರ್ ಬೋನಸ್ ಗೆರಿ ದಾಟಿದ್ದ, ಅಂಪೈರ್ ಕೊಡ್ಲಿಲ್ಲ, ಒಂದೇ ಪಾಯಿಂಟಿಲೆ ಸೋತ್ವಿ. ಮೊಬೈಲ್ ವಿಡಿಯೋದಾಗ ಕಾಲು ಸಾಫ್ ಕಾಣ್ತದ. ಗೆದ್ದವ್ರಿಗೂ ಕಳ್ಸಿದ್ವಿ. ನಗೋ ಎಮೋಜಿ ಮೂರು ಬಂದಾವ, ಟೆಲಿಗ್ರಾಂ ಇನ್ನೂ ಬಂದಿಲ್ಲ.