ಫೈಟರ್ ಮೀನು ತಳ ಬಿಟ್ಟು ಏಳುತ್ತಿಲ್ಲ, ಗಿಡದ ಎಲೆ ಕರಗುತ್ತಿದೆ: ಸಾಕಿದವರು ಹೇಳಿ

ಕೇಳಿದವರು, ತುಮಕೂರು:
ಮಗಳ ಹುಟ್ಟುಹಬ್ಬಕ್ಕೆ ನೀಲಿ ಫೈಟರ್ ಮೀನು ತಂದು ಮೂರು ವಾರ ಆಯಿತು. ಹತ್ತು ಲೀಟರ್ ಟ್ಯಾಂಕ್, ತಳದಲ್ಲಿ ಮರಳು, ಒಂದು ಅನೂಬಿಯಾಸ್, ಒಂದು ಕ್ರಿಪ್ಟೊಕೊರೈನ್ ಗಿಡ. ಫಿಲ್ಟರ್ ಇಲ್ಲ. ಪ್ರತಿ ಭಾನುವಾರ ನೀರೆಲ್ಲಾ ಚೆಲ್ಲಿ, ಮರಳು ತೊಳೆದು, ಬೋರ್ ನೀರು ತುಂಬಿಸುತ್ತೇನೆ. ಈಗ ಮೀನು ಬೆಳಿಗ್ಗೆ ತಳದಲ್ಲೇ ಮಲಗಿರುತ್ತದೆ. ಬಾಲದ ಅಂಚು ಹರಿದಂತಿದೆ. ಗಿಡದ ಎಲೆಗಳು ಕಂದಾಗಿ ಕರಗುತ್ತಿವೆ. ಮಗಳು ಸ್ಕೂಲಿಂದ ಬಂದವಳೇ ಮೊದಲು ಅಲ್ಲಿಗೆ ಓಡುತ್ತಾಳೆ. ಏನು ಮಾಡಲಿ?

ಬೆಂಗಳೂರಿನಿಂದ:
ಮೇಡಂ, ಮೊದಲು ಭಾನುವಾರದ ಆ ತೊಳೆಯುವ ಕೆಲಸ ನಿಲ್ಲಿಸಿ. ನಾನೂ ಹಾಗೇ ಮಾಡುತ್ತಿದ್ದೆ. ಗಾಜು ಫಳಫಳ ಹೊಳೆಯುತ್ತಿತ್ತು, ಮೀನು ಮಾತ್ರ ನೀರಿನ ಮೇಲ್ಗಡೆ ಬಾಯಿ ತೆರೆದು ನೇತಾಡುತ್ತಿತ್ತು. ಕಿವಿರು ಕೆಂಪಾಗಿ ಊದಿತ್ತು. ಐದನೇ ವಾರ ಹೋಯಿತು. ಆ ಕೆಂಪು ಮೀನು ನನಗೆ ಇವತ್ತಿಗೂ ನೆನಪಿದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ತಿನ್ನದೆ ಉಳಿದ ಆಹಾರದಿಂದ ಅಮೋನಿಯಾ ಬರುತ್ತದೆ. ಅದು ವಿಷ. ಮರಳಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಅಪಾಯವಲ್ಲ, ಗಿಡಗಳೂ ಒಂದಿಷ್ಟು ಹೀರಿಕೊಳ್ಳುತ್ತವೆ. ಈ ಬ್ಯಾಕ್ಟೀರಿಯಾ ನೆಲೆಯಾಗಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನೀವು ವಾರ ವಾರ ಮರಳು ತೊಳೆದಾಗ ಅವೂ ತೊಳೆದುಹೋಗುತ್ತವೆ. ಪಾಪ, ಮೀನು ಪ್ರತಿ ಸೋಮವಾರ ಮೊದಲಿಂದ ಶುರು ಮಾಡಬೇಕು.

ಒಂದು ಚಿಕ್ಕ ಸ್ಪಂಜ್ ಫಿಲ್ಟರ್ ಹಾಕಿ. ಅದನ್ನು ಓಡಿಸುವ ಏರ್ ಪಂಪಿನ ಗಾಳಿ ಮೆಲ್ಲಗೆ ಬರಲಿ, ಜೋರು ಹರಿವು ಈ ಮೀನಿಗೆ ಆಗದು. ಪರಿಚಯದವರ ಟ್ಯಾಂಕಿನಲ್ಲಿ ಓಡಿದ ಹಳೇ ಸ್ಪಂಜಿನ ತುಂಡು ಸಿಕ್ಕರೆ ಇನ್ನೂ ಒಳ್ಳೆಯದು, ಅದರ ಮೀನುಗಳು ಆರೋಗ್ಯವಾಗಿದ್ದರೆ ಮಾತ್ರ. ಸದ್ಯಕ್ಕೆ ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸಿ. ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ನಿಂತ ಮೇಲೆ ವಾರಕ್ಕೊಮ್ಮೆ ಸಾಕು. ಸ್ಪಂಜು ಕೊಳೆಯಾದರೆ ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ, ನಲ್ಲಿ ಕೆಳಗೆ ಹಿಡಿಯಬೇಡಿ.

ಬೋರ್ ನೀರು ಗಡಸಾಗಿದ್ದರೂ ಈ ಮೀನು ಹೊಂದಿಕೊಳ್ಳುತ್ತದೆ. ಆದರೆ ನೀರಿನ ಪಿಹೆಚ್ (ಹುಳಿ-ಕ್ಷಾರದ ಅಳತೆ) ಜಾಸ್ತಿ ಇದ್ದಷ್ಟೂ ಅದೇ ಅಮೋನಿಯಾ ಹೆಚ್ಚು ವಿಷ. ಬಕೆಟಿನಲ್ಲಿ ಒಂದು ರಾತ್ರಿ ಇಟ್ಟು ಹಾಕಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಲೇಬೇಕು.

ತಳದಲ್ಲಿ ಮಲಗುವುದಕ್ಕೆ ಚಳಿಯೂ ಕಾರಣ ಇರಬಹುದು. ಹತ್ತು ಲೀಟರ್ ನೀರು ರಾತ್ರಿ ಬೇಗ ತಣ್ಣಗಾಗುತ್ತದೆ. ಇದಕ್ಕೆ ಬೇಕಾದದ್ದು 24ರಿಂದ 28 ಡಿಗ್ರಿ. ಬೆಳಿಗ್ಗೆ ಆರಕ್ಕೆ ಥರ್ಮಾಮೀಟರ್ ಇಟ್ಟು ನೋಡಿ. ತಾನೇ ಆಫ್ ಆಗುವ 25 ವ್ಯಾಟ್ ಹೀಟರ್ ಸಾಕು. ನೀರು ತೆಗೆಯುವ ಮೊದಲು ಸ್ವಿಚ್ ಆರಿಸಿ, ಇಲ್ಲದಿದ್ದರೆ ಅದರ ಗಾಜು ಸೀಳುತ್ತದೆ.

ಬಾಲದ ಅಂಚು ಕಪ್ಪಾಗಿ ಅಥವಾ ಕೆಂಪಾಗಿ ದಿನಾ ಒಳಗೆ ಸವೆಯುತ್ತಿದ್ದರೆ ಕೊಳೆ ರೋಗ. ಶುರುವಿನಲ್ಲಿ ಶುದ್ಧ ನೀರಿಗೇ ಎಷ್ಟೋ ಸಲ ವಾಸಿಯಾಗುತ್ತದೆ. ಸುಮ್ನೆ ಅಂಗಡಿಯವರು ಕೊಟ್ಟ ನೀಲಿ ದ್ರಾವಣ ಸುರಿಯಬೇಡಿ, ಗಿಡಗಳಿಗೂ ಕೆಡುಕು. ನೇರವಾಗಿ ಹರಿದಿದ್ದರೆ ಯಾವುದೋ ಚೂಪು ಕಲ್ಲಿಗೆ ಸಿಕ್ಕಿರುತ್ತದೆ. ಒಳಗಿಡುವ ವಸ್ತುಗಳ ಮೇಲೆ ಹಳೇ ನೈಲಾನ್ ದುಪಟ್ಟಾ ಸವರಿ ನೋಡಿ. ಬಟ್ಟೆ ಸಿಕ್ಕಿಕೊಂಡರೆ ರೆಕ್ಕೆಯೂ ಸಿಕ್ಕಿಕೊಳ್ಳುತ್ತದೆ.

ಆದಾಗ 20 ಲೀಟರಿನ ಟ್ಯಾಂಕ್ ತನ್ನಿ. ಮೇಲೆ ಬಂದು ಗಾಳಿ ಕುಡಿಯುವ ಮೀನು ಅಂತ ಅಂಗಡಿಯಲ್ಲಿ ಲೋಟದಲ್ಲಿ ಇಟ್ಟಿರುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಥಾಯ್ಲೆಂಡಿನ ಗದ್ದೆ, ಜೌಗಿನಲ್ಲಿ ಹುಟ್ಟುವ ಮೀನು ಇದು. 2019ರಲ್ಲಿ ಆ ದೇಶ ಇದನ್ನು ತನ್ನ ರಾಷ್ಟ್ರೀಯ ಜಲಚರ ಎಂದು ಘೋಷಿಸಿತು. ಅಲ್ಲಿ ನೀರು ಮೊಣಕಾಲುದ್ದ ಇರಬಹುದು, ಆದರೆ ಗದ್ದೆಯಷ್ಟು ಅಗಲ ಅಲ್ವಾ?

ಮಂಗಳೂರಿನಿಂದ:
ಗಿಡದ ಬಗ್ಗೆ ನಾನು ಹೇಳುತ್ತೇನೆ. ಅನೂಬಿಯಾಸ್‌ಗೆ ಶುಂಠಿಯ ಹಾಗೆ ಅಡ್ಡ ಹೋಗುವ ದಪ್ಪ ಕಾಂಡ ಇರುತ್ತದೆ. ಅದನ್ನು ಮರಳಲ್ಲಿ ಹೂತರೆ ಕೊಳೆಯುತ್ತದೆ. ಕೈಯಲ್ಲಿ ಒತ್ತಿ ನೋಡಿ. ಗಟ್ಟಿ ಇದ್ದರೆ ಬದುಕಿದೆ. ಮೆತ್ತಗಾಗಿ ವಾಸನೆ ಬರುವ ಭಾಗವನ್ನು ಕತ್ತರಿಸಿ, ಉಳಿದದ್ದನ್ನು ದಾರದಿಂದ ಕಲ್ಲಿಗೆ ಕಟ್ಟಿಬಿಡಿ. ಕ್ರಿಪ್ಟೊಕೊರೈನ್ ಹಾಗಲ್ಲ, ಬೇರು ಮರಳಲ್ಲೇ ಇರಬೇಕು. ಜಾಗ ಬದಲಾದರೆ ಎಲೆ ಎಲ್ಲಾ ಕರಗಿಸಿಬಿಡುತ್ತದೆ. ಸತ್ತಿತು ಅಂತ ಕೀಳಬೇಡಿ, ಬೇರಿನಿಂದ ಹೊಸ ಎಲೆ ಬರುತ್ತದೆ. ಇದರ ಕೆಲವು ಜಾತಿಗಳು ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೇ ಬೆಳೆಯುತ್ತವೆ. ದಯವಿಟ್ಟು ಹೊಳೆಯಿಂದ ಕಿತ್ತು ತರಬೇಡಿ, ಅಂಗಡಿಯದೇ ಸಾಕು.

ಲೈಟು ದಿನಕ್ಕೆ ಏಳು ಗಂಟೆ. ಕಿಟಕಿ ಬಿಸಿಲು ಬಿದ್ದರೆ ಪಾಚಿ ಬರುತ್ತದೆ. ಕಾಡು ಬಾದಾಮಿ ಮರದಿಂದ ತಾನಾಗಿ ಉದುರಿ ಒಣಗಿದ ಎಲೆ ಒಂದು ತೊಳೆದು ಹಾಕಿ, ಔಷಧಿ ಹೊಡೆಯದ ಮರದ್ದಾಗಲಿ. ನೀರು ತಿಳಿ ಟೀ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಡಿ. ನನ್ನ ಮೀನು ಆ ಎಲೆಯ ಮೇಲೇ ಒರಗಿ ನಿದ್ದೆ ಮಾಡುತ್ತದೆ.

ಹುಬ್ಬಳ್ಳಿಯಿಂದ:
ಅಕ್ಕಾರೆ, ಟ್ಯಾಂಕ್ ಇರುವ ಕೋಣೆಯಲ್ಲಿ ಸೊಳ್ಳೆ ಬತ್ತಿ, ಜಿರಳೆ ಸ್ಪ್ರೇ ಬಳಸುತ್ತೀರಾ? ಅವುಗಳಲ್ಲಿರುವ ಔಷಧಿ ಮೀನಿಗೆ ಭಾರೀ ವಿಷ. ಏರ್ ಪಂಪು ಕೋಣೆಯ ಗಾಳಿಯನ್ನೇ ನೀರಿಗೆ ತಳ್ಳುತ್ತದೆ. ನನ್ನದು ಒಂದೇ ರಾತ್ರಿಯಲ್ಲಿ ಸತ್ತಿತು. ಊಟಕ್ಕೆ ಮೀನಿನ ಆಹಾರದ ಕಾಳು ಬೆಳಿಗ್ಗೆ ಎರಡು, ಸಂಜೆ ಎರಡು. ವಾರಕ್ಕೊಂದು ದಿನ ಉಪವಾಸ. ಮೇಲೆ ಮುಚ್ಚಳ ಇರಲಿ, ಇದು ಹಾರುತ್ತದೆ. ಆದರೆ ಗಾಳಿಗೆ ಸಂದು ಬಿಡಿ.

ಕೇಳಿದವರು, ಒಂದು ತಿಂಗಳ ನಂತರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬೆಳಿಗ್ಗೆ ನೀರು 20 ಡಿಗ್ರಿ ಇತ್ತು! ಹೀಟರ್ ಹಾಕಿದ ಎರಡನೇ ದಿನವೇ ಮೇಲೆ ಬಂತು. ಅನೂಬಿಯಾಸ್ ಕಾಂಡವನ್ನು ನಾನು ಹೂತೇ ಇಟ್ಟಿದ್ದೆ, ಅರ್ಧ ಉಳಿಯಿತು. ಬಾಲದ ತುದಿಯಲ್ಲಿ ಗಾಜಿನಂಥ ತೆಳು ಅಂಚು ಬೆಳೆಯುತ್ತಿದೆ. ನಿನ್ನೆಯಿಂದ ಬಾದಾಮಿ ಎಲೆಯ ಕೆಳಗೆ ಸೋಪಿನ ನೊರೆ ಥರ ಏನೋ ಕಾಣುತ್ತಿದೆ. ಮಗಳು ತೆಗೀಬೇಕಾ ಅಂತ ಕೇಳುತ್ತಿದ್ದಾಳೆ.

ಮಂಗಳೂರಿನಿಂದ:
ಬೇಡ ಬೇಡ, ಅದು ಗಂಡು ಮೀನು ಬಾಯಿಂದ ಗುಳ್ಳೆ ಬಿಟ್ಟು ಕಟ್ಟುವ ಗೂಡು. ಭಾನುವಾರ ನೀರು ತೆಗೆಯುವಾಗ ಪೈಪನ್ನು ಇನ್ನೊಂದು ಮೂಲೆಗೆ ಹಾಕಿ.