ಅಪ್‌ಡೇಟ್: ಪ್ರೊಸೆಸರ್ ಎಲ್ಲಿಂದ ಕಲಿಯಲಿ ಅಂತ ಕೇಳಿದ್ದೆನಲ್ಲ

ಕಂಪ್ಯೂಟರಿನ ಪ್ರೊಸೆಸರ್ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಎಲ್ಲಿಂದ ಶುರುಮಾಡಲಿ ಅಂತ ಹೋದ ತಿಂಗಳು ಕೇಳಿದ್ದೆ. "ಮೊದಲು ಎರಡು ಬಿಟ್ (ಅಂದರೆ 0 ಅಥವಾ 1) ಕೂಡಿಸಿ ನೋಡಿ" ಅಂದಿರಿ. ಕೂಡಿಸಿದೆ! ಬದಿಯಡ್ಕದಲ್ಲಿ ಜೋರು ಮಳೆ, ಕರೆಂಟಿಲ್ಲ. ಮೂರು ಪೆನ್‌ಸೆಲ್‌ಗಳ 4.5 ವೋಲ್ಟೇ ಸಾಕಾಯಿತು. 74ಎಚ್‌ಸಿ00 ಚಿಪ್ಪಿನಲ್ಲಿ ನಾಲ್ಕು ನ್ಯಾಂಡ್ ಗೇಟ್ (ಎರಡೂ ಇನ್‌ಪುಟ್ 1 ಆದಾಗ ಮಾತ್ರ 0 ಕೊಡುವಂಥದ್ದು). ಎರಡು ಬಿಟ್ ಕೂಡಿಸುವ ಸರ್ಕ್ಯೂಟ್, ಅಂದರೆ ಹಾಫ್ ಆಡರ್‌ಗೆ ಐದು ಬೇಕು. ಒಂದೇ ಗೇಟಿಗೋಸ್ಕರ ಇನ್ನೊಂದು ಚಿಪ್, ಹೊಟ್ಟೆ ಉರಿಯಿತು.

ಮೊದಲ ದಿನ ಎಲ್‌ಇಡಿಗೆ ಭೂತ ಹಿಡಿದ ಹಾಗಿತ್ತು. ಕೈ ಹತ್ತಿರ ತಂದರೆ ಮಿಣಮಿಣ, ತೆಗೆದರೆ ಇಲ್ಲ. "ದರ್ಶನ ಬಂತಾ?" ಅಂದರು ಅಜ್ಜಿ. ಸ್ವಿಚ್ ಬಿಟ್ಟಾಗ ಇನ್‌ಪುಟ್ ಪಿನ್ ಎಲ್ಲಿಗೂ ಸೇರದೆ ತೇಲುತ್ತಿತ್ತು, ಅಷ್ಟೇ. 10 ಕಿಲೋ ಓಮ್ ರೆಸಿಸ್ಟರ್ ಹಾಕಿ ಗ್ರೌಂಡಿಗೆ ಕಟ್ಟಿದೆ, ಸರಿಹೋಯಿತು.

ಈಗ ಎರಡೂ ಸ್ವಿಚ್ ಒತ್ತಿದರೆ ಮೊತ್ತದ ದೀಪ ಆರಿ ಕ್ಯಾರಿ ದೀಪ ಹತ್ತುತ್ತದೆ. ಶಾಲೆಯಲ್ಲಿ "ಕೈಯಲ್ಲಿ ಒಂದು" ಅನ್ನುತ್ತಿದ್ದೆವಲ್ಲ, ಅದೇ ಇದು! ಮುಂದೆ ಹಿಂದಿನ ಕ್ಯಾರಿಯನ್ನೂ ಸೇರಿಸಿ ಕೂಡಿಸುವ ಫುಲ್ ಆಡರ್.